ಹಾಲುಗಲ್ಲಿನ ಆಯೇರ

ನನ್ನ ಮದುವೆಯಲ್ಲಿ ಬಂದ ಆಯೇರಗಳಲ್ಲಿ ಇವತ್ತಿಗೂ ಮನೆಯಲ್ಲಿ ಉಳಿದಿರುವುದು ಒಂದು ಕಲ್ಲು. ಮದುವೆ ಮುಂಜಿಗಳಲ್ಲಿ ಕೊಡುವ ಉಡುಗೊರೆಗೆ ನಮ್ಮ ಕಡೆ ಆಯೇರ ಅನ್ನುತ್ತೇವೆ. ತಾಮ್ರದ ಕೊಡ ಸೋರಿತು, ಧೋತರಗಳು ಹರಿದವು, ಹಿತ್ತಾಳೆಯ ತಾಟುಗಳು ಬೇರೆಯವರ ಮದುವೆಗೆ ಆಯೇರವಾಗಿ ಹೋದವು. ಕಲ್ಲನ್ನು ಮಾತ್ರ ಯಾರಿಗೂ ದಾಟಿಸಲು ಆಗಲಿಲ್ಲ. ದಾಟಿಸಬೇಕೆಂದು ನಾನು ಎಷ್ಟು ಸಲ ಅಂದಿದ್ದೇನೆ ಎಂಬುದು ನನ್ನ ಹೆಂಡತಿಗೆ ಗೊತ್ತು. ನಾನು ಹಾಗೆ ಅಂದಾಗಲೆಲ್ಲ ಅವಳು ಕಲ್ಲಿನ ಮೇಲಿನ ಧೂಳು ಒರೆಸುತ್ತಾಳೆ.

ಇದು ನಮ್ಮ ಕಡೆಯ ಸಂಸ್ಥಾನಗಳು ಮುಗಿದು ಮುಂಬಯಿ ಸರ್ಕಾರ ಬಂದ ಹೊಸತರ ಮಾತು. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಮುಲ್ಕಿ ಪರೀಕ್ಷೆ ಪಾಸಾಗಿದ್ದರೂ ಮಾಸ್ತರಿಕೆಗೆ ಹೋಗದೆ ನಾನು ಅಪ್ಪನ ಮಗ್ಗಕ್ಕೇ ಕೂತವನು. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತರೆ ಎದೆಯ ಮಟ್ಟಕ್ಕೆ ಮಗ್ಗ, ಎದುರಿನ ಗೋಡೆಯ ಮಗ್ಗುಲಿಗೆ ಮಾಳಿಗೆಯ ಬೆಳಕಿಂಡಿ. ಅಪ್ಪ ಆಗಲೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಹೊಸದಾಗಿ ಬಂದ ಹೆಂಡತಿ. ನನ್ನ ಕೈ ಚೆನ್ನಾಗಿದೆ ಎಂದು ಓಣಿಯಲ್ಲೆಲ್ಲ ಹೆಸರಿತ್ತು. ನಾನು ನೇಯ್ದ ಸೀರೆಯ ಅಂಚನ್ನು, ನೂಲು ಕೊಟ್ಟು ನೇಯಿಸುವ ಸಾಹುಕಾರ ಉಳಿದವರಿಗೆ ಬಿಚ್ಚಿ ತೋರಿಸುತ್ತಿದ್ದ. ಸ್ವಲ್ಪ ಸೊಕ್ಕೂ ಇತ್ತು ಅನ್ನಿ.

ಹೆಂಡತಿ ತಾಯಿಯಿಲ್ಲದ ಹುಡುಗಿ. ಜಮಖಂಡಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳು, ಅದೇ ಅವಳ ತವರು. ಆ ಮಾವನಿಗೆ ಒಬ್ಬನೇ ಮಗ. ನಮ್ಮಲ್ಲಿ ಸೋದರಮಾವನ ಮಗನಿಗೆ ಹುಡುಗಿಯ ಮೇಲೆ ಮೊದಲ ಹಕ್ಕು, ಅವನು ಬೇಡವೆಂದ ಮೇಲೆಯೇ ಹೊರಗಿನ ಗಂಡು. ಈತ ಬೇಡವೆಂದನೋ, ಇವಳೇ ಬೇಡವೆಂದಳೋ, ಮುಂಬಯಿಗೆ ಹೋದ ಮಗ ತಿರುಗಿ ಬರುವ ಲಕ್ಷಣ ಕಾಣದೆ ಮಾವನೇ ಅವಸರ ಮಾಡಿದನೋ, ನನಗೆ ಯಾರೂ ಹೇಳಲಿಲ್ಲ. ಕೇಳಲು ನನ್ನ ಮರ್ಯಾದೆ ಬಿಡಲಿಲ್ಲ. ಕೇಳದೆ ಬಿಟ್ಟದ್ದು ಹೊಟ್ಟೆಯೊಳಗೆ ಕೂತು ಉರಿಯತೊಡಗಿತು. ಇದರ ಮೇಲೆ ಇನ್ನೊಂದು ಸಂಕಟ. ಹೆಂಡತಿಯನ್ನು ಕಟ್ಟಿಕೊಳ್ಳಬಹುದಾಗಿದ್ದವನು ಬಳಗದ ಲೆಕ್ಕದಲ್ಲಿ ನನಗೆ ಅಣ್ಣನಾಗುತ್ತಾನೆ. ಎಷ್ಟು ಉರಿದರೂ ಬಾಯಲ್ಲಿ 'ಅಣ್ಣಾ' ಅನ್ನಲೇಬೇಕು.

ಅವನು ಮುಂಬಯಿಯಲ್ಲಿ ಕಲ್ಲು ಕೆತ್ತುವುದನ್ನು ಕಲಿತಿದ್ದ. ದೇವರ ಮೂರ್ತಿ, ಸೇಠಜಿಗಳ ಬಂಗಲೆಯ ಕಂಬ, ಗೋರಿಯ ಮೇಲಿನ ಹೂಬಳ್ಳಿ, ಯಾರು ಏನು ಕೇಳಿದರೂ ಕೆತ್ತಿಕೊಡುತ್ತಿದ್ದನಂತೆ. ಅದು ಹೊಟ್ಟೆಪಾಡಿಗೆ. ತನ್ನ ಖುಷಿಗೆ ಕೆತ್ತುವುದೇ ಬೇರೆ, ಅದಕ್ಕೆ ಹೆಸರೂ ಇರುವುದಿಲ್ಲ, ಆಕಾರವೂ ಇರುವುದಿಲ್ಲ ಎಂದು ಹೆಂಡತಿ ಒಮ್ಮೆ ಹೇಳಿದ್ದಳು. ಮದುವೆಗೆ ಅವನು ಬರಲಿಲ್ಲ. ರಜೆ ಸಿಗಲಿಲ್ಲ ಅಂದರು. ಬರದೇ ಇದ್ದದ್ದಕ್ಕೂ ನಾನು ಒಂದು ಅರ್ಥ ಹಚ್ಚಿಕೊಂಡೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದ. ರೈಲಿನಲ್ಲಿ ಕುಡಚಿಗೆ ಇಳಿದು, ಅಲ್ಲಿಂದ ತೇರದಾಳದ ಮೇಲೆ ಬರುವ ಬಸ್ಸಿನಲ್ಲಿ ಬಂದಿದ್ದ. ಬಸ್ ಸ್ಟ್ಯಾಂಡಿನಿಂದ ಒಬ್ಬ ಹಮಾಲ ಗೋಣಿತಾಟಿನಲ್ಲಿ ಸುತ್ತಿದ ಗಂಟನ್ನು ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದ. ನಾನು ಮಗ್ಗದ ಕುಣಿಯಲ್ಲಿದ್ದೆ. ಕುಣಿಯಲ್ಲಿ ಕೂತವನಿಗೆ ತಟ್ಟನೆ ಏಳಲು ಬರುವುದಿಲ್ಲ. ಹೀಗಾಗಿ ನನಗೆ ಮೊದಲು ಕಂಡದ್ದು ಅವನ ಧೂಳು ಹಿಡಿದ ಚಪ್ಪಲಿ, ಆಮೇಲೆ ಅಡುಗೆಮನೆಯಿಂದ ಓಡಿ ಬಂದ ಹೆಂಡತಿಯ ಕಾಲುಂಗುರ.

"ಮಾಮಾ!" ಅಂದಳು. ಸೋದರಮಾವನ ಮಗನಿಗೂ ನಮ್ಮಲ್ಲಿ ಮಾಮಾ ಅನ್ನುವುದೇ ರೂಢಿ. ಆದರೆ ಅಂಥ ದನಿ ಆಕೆಯ ಗಂಟಲಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಹ್ಯಾಂಗಿದ್ದೀ ಬೇ? ಸೊರಗೀಯಲ್ಲ," ಅಂದ ಅವನು. ಆಮೇಲೆ ಬಗ್ಗಿ ನನ್ನ ಮುಖ ನೋಡಿ, "ಏನ ತಮ್ಮಾ, ಕುಣ್ಯಾಗ ಇದ್ದೀ? ಏಳಬ್ಯಾಡ ಏಳಬ್ಯಾಡ, ಕೆಲಸ ನಡೀಲಿ," ಅಂದ.

ಸೊರಗೀಯಲ್ಲ ಅಂದದ್ದು ನನಗೆ ನಾಟಿತು. ನನ್ನ ಮನೆಯಲ್ಲಿ ನನ್ನ ಹೆಂಡತಿ ಸೊರಗಿದ್ದಾಳೆ ಎಂದು ಹೇಳಲು ಮುಂಬಯಿಯಿಂದ ಬರಬೇಕಿತ್ತೇ?

ಗೋಣಿ ಬಿಚ್ಚಿದ. ಒಳಗೆ ಹಾಲುಗಲ್ಲು, ಅಮೃತಶಿಲೆ ಅನ್ನುತ್ತಾರಲ್ಲ, ಅದು. ಒಂದು ಸಣ್ಣ ಕೊಡದಷ್ಟು ಇತ್ತು. ಕೆಳಗೆ ತುಂಬಿಕೊಂಡು, ಮೇಲೆ ಹೋಗುತ್ತ ಒಂದು ಕಡೆ ಹೊರಳಿ, ನಡುವೆ ಒಂದು ತೂತು. ಒಂದು ಮಗ್ಗುಲು ನೀರಿನಷ್ಟು ನುಣುಪು, ಇನ್ನೊಂದು ಮಗ್ಗುಲಲ್ಲಿ ಉಳಿಯ ಗೆರೆಗಳನ್ನು ಹಾಗೇ ಬಿಟ್ಟಿದ್ದ. ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ಯಂತ್ರ ಮುಟ್ಟಿಸಿಲ್ಲ, ಎಲ್ಲ ಕೈಯಿಂದಲೇ ಮಾಡಿದ್ದು ಅಂದ. "ನಿನ್ನ ಮದುವಿ ಆಯೇರ," ಎಂದು ಹೆಂಡತಿಗೆ ಹೇಳಿದ. ನನ್ನ ಕಡೆ ನೋಡಿ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಉಂಡು, ಅವ್ವನ ಕಾಲು ಮುಟ್ಟಿ, ಇಳಿಹೊತ್ತಿನ ಬಸ್ಸಿಗೆ ಜಮಖಂಡಿಗೆ ಹೋದ.

ಆಮೇಲೆ ಓಣಿಯವರೆಲ್ಲ ಒಬ್ಬೊಬ್ಬರಾಗಿ ಕಲ್ಲು ನೋಡಲು ಬಂದರು. ಅವ್ವ ಅದರ ಸುತ್ತ ತಿರುಗಿ, "ರುಬ್ಬಾಕ ಬರೂದಿಲ್ಲ, ಪೂಜಿ ಮಾಡಾಕ ಬರೂದಿಲ್ಲ, ಇದನ್ನ ಎಲ್ಲಿ ಇಡೂದವ್ವಾ?" ಅಂದಳು. ಪಕ್ಕದ ಮನೆಯ ನೇಕಾರ, ಸುತ್ತಿ ಬಿಟ್ಟ ನೂಲಿನ ಲಡಿಯಂತಿದೆ ಅಂದ. ಬೆಣ್ಣೆ ಮಾರಲು ಬರುತ್ತಿದ್ದ ಹುನ್ನೂರಿನ ಕುರುಬರ ಅಜ್ಜ ಕಂಬಳಿ ಸರಿಸಿ ಕೂತು ಬಹಳ ಹೊತ್ತು ನೋಡಿದ. "ನಮ್ಮ ಬೀರಪ್ಪನ ಆಣಿ, ಇದು ಮರಿ ಹಾಕಿ ಮಲಗಿದ ಕುರಿ ಐತಿ ನೋಡ್ರಿ. ಆ ತೂತಿನ್ಯಾಗ ಮರಿ ಇತ್ತು, ಈಗ ಮೇಯಾಕ ಹೋಗೈತಿ," ಎಂದು ಹೇಳಿ ಎಲ್ಲರನ್ನೂ ನಗಿಸಿದ. ನಾನು ನಗಲಿಲ್ಲ. ನನಗೆ ಅದರಲ್ಲಿ ಬೇರೆಯೇ ಕಂಡಿತ್ತು.

ಹೆಂಡತಿ ಮಧ್ಯಾಹ್ನ ನನ್ನ ಮಗ್ಗದ ಬದಿಗೆ ರಾಟಿ ಇಟ್ಟುಕೊಂಡು, ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸುತ್ತುವಾಗ ಒಂದು ಮೊಳಕಾಲು ಮೇಲೆತ್ತಿ, ಎಡಭುಜ ತಗ್ಗಿಸಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ ಕೂಡುತ್ತಿದ್ದಳು. ಎತ್ತಿದ ಮೊಳಕಾಲಿಗೂ ಹೊಟ್ಟೆಗೂ ನಡುವೆ ತೋಳು ಹಾಯುವಷ್ಟು ಖಾಲಿ ಜಾಗ ಇರುತ್ತಿತ್ತು. ಕಲ್ಲು ಹಾಗೇ ಇತ್ತು. ಭುಜದ ತಗ್ಗು ಹಾಗೇ, ಕುತ್ತಿಗೆಯ ಹೊರಳು ಹಾಗೇ, ನಡುವಿನ ಖಾಲಿಯೂ ಹಾಗೇ. ಅವಳು ಚಿಕ್ಕವಳಿದ್ದಾಗ ಮಾವನ ಮನೆಯಲ್ಲೂ ರಾಟಿ ಸುತ್ತುತ್ತಿದ್ದಳು, ಅವನು ಎದುರಿಗೆ ಕೂತು ಪಾಟಿಯ ಮೇಲೆ ಚಿತ್ರ ಬರೆಯುತ್ತಿದ್ದ. ಇದನ್ನು ಅವಳೇ ನಗುತ್ತ ಹೇಳಿದ್ದಳು. ಈಗ ಎರಡನ್ನೂ ಜೋಡಿಸಿಕೊಂಡು ನಾನು ಹಲ್ಲು ಕಡಿದೆ.

ಕಲ್ಲನ್ನು ಇಟ್ಟದ್ದೆಲ್ಲಿ? ಗೂಡಿನಲ್ಲಿ ಹಿಡಿಸಲಿಲ್ಲ, ದೇವರ ಜಗಲಿಗೆ ಅವ್ವ ಒಪ್ಪಲಿಲ್ಲ. ಕೊನೆಗೆ ಮಗ್ಗದ ಎದುರಿನ ಕಟ್ಟೆಯೇ ಗತಿಯಾಯಿತು. ದಿನವಿಡೀ ತಲೆ ಎತ್ತಿದರೆ ಅದೇ. ಸಾಲದ್ದಕ್ಕೆ ಬೆಳಕಿಂಡಿಯ ಬಿಸಿಲು ಮಧ್ಯಾಹ್ನ ಓರೆಯಾಗಿ ಅದರ ತೂತಿನಲ್ಲಿ ಹಾಯ್ದು, ಒಂದು ದುಂಡನೆಯ ಬೆಳಕು ನನ್ನ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಹಾಸಿನ ಮೇಲೆ ಬೀಳುತ್ತಿತ್ತು. ಎಳೆ ಎಳೆ ದಾಟಿ ನಿಧಾನವಾಗಿ ಸರಿಯುತ್ತಿತ್ತು. ನಾನು ನೇಯುವ ಬಟ್ಟೆಯ ಮೇಲೆ ಅವನು ಬೆರಳು ಆಡಿಸಿದಂತೆ ಅನ್ನಿಸಿ ಮೈ ಉರಿಯುತ್ತಿತ್ತು. ನಾನು ಕಲ್ಲನ್ನು ಗೋಡೆಯ ಕಡೆ ತಿರುಗಿಸುತ್ತಿದ್ದೆ. ಸಂಜೆಗೆ ಅದು ಮತ್ತೆ ನನ್ನ ಕಡೆಗೇ ತಿರುಗಿರುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಆದರೆ ಅವಳು ಅದನ್ನು ಒರೆಸುವುದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ದಿನಾ ಬೆಳಿಗ್ಗೆ ಕಸ ಗುಡಿಸಿದ ಮೇಲೆ ಮೆತ್ತನೆಯ ನೂಲಿನ ಚೂರುಗಳನ್ನು ಮುದ್ದೆ ಮಾಡಿಕೊಂಡು ಒರೆಸುವಳು. ನುಣುಪಿನ ಕಡೆ ಒರೆಸಿ, ಗೆರೆಗಳ ಕಡೆ ಒರೆಸಿ, ಕೊನೆಗೆ ತೂತಿನಲ್ಲಿ ಕೈ ಹಾಕಿ ಒರೆಸುವಳು. ಅವಸರವಿಲ್ಲ. ನನಗೆ ಚಹಾ ಕೊಡುವಾಗ ಇಲ್ಲದ ಸಾವಕಾಶ ಅಲ್ಲಿ ಎಲ್ಲಿಂದ ಬರುತ್ತಿತ್ತೋ.

"ಅದು ಏನದು?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ಯಾವುದ್ರಿ?"

"ಆ ಕಲ್ಲು. ಏನಂತ ಮಾಡ್ಯಾನ ಅಂವ?"

"ಏನೂ ಅಲ್ಲರಿ. ಸುಮ್ನ ಮಾಡ್ಯಾನ."

"ಏನೂ ಅಲ್ಲದ್ದನ್ನ ಯಾರರೇ ದಿನಾ ಒರಸ್ತಾರೇನು?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಧೂಳ ಕೂಡತೈತ್ರಿ," ಅಂದು ಒಳಗೆ ಹೋದಳು. ಧೂಳು ನನ್ನ ಮೇಲೂ ಕೂಡುತ್ತಿತ್ತು. ಮಗ್ಗದಲ್ಲಿ ಕೂತವನ ತಲೆ, ಹುಬ್ಬು, ಮೀಸೆಯೆಲ್ಲ ಹತ್ತಿಯ ಧೂಳೇ. ಲಾಳಿಯನ್ನು ಜೋರಾಗಿ ಎಸೆದೆ.

ಹೀಗೇ ವರ್ಷಗಳು ಹೋದವು. ಒಂದು ಬೇಸಿಗೆಯಲ್ಲಿ ಜಮಖಂಡಿಯ ಮಾವ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ಮಗನೂ ಮುಂಬಯಿಯಿಂದ ಬರುತ್ತಾನೆ ಎಂದು ಹೇಳಿ ಕಳಿಸಿದರು. ಮಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ಇದನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೆ.

ಅವ್ವ ಅಂದಳು, "ತಮ್ಮಾ, ಅಂವ ಮಾಡಿದ ಆಯೇರ ನಮ್ಮ ಮ್ಯಾಲ ಉಳದೈತಿ. ತಿರುಗಿ ಮಾಡಬೇಕಪಾ. ಒಂದು ಧೋತರದ ಜೋಡಿ ಕೊಡೂನು."

ಆಯೇರ ಬಂದರೆ ತಿರುಗಿ ಕೊಡಬೇಕು, ಬಂದದ್ದಕ್ಕೆ ಒಂದು ಕೈ ಮೇಲಾಗಿಯೇ ಕೊಡಬೇಕು. ಹಾಗೆ ಕೊಟ್ಟುಬಿಟ್ಟರೆ ಅವರದು ನಮ್ಮ ಮೇಲೆ ಏನೂ ಉಳಿಯುವುದಿಲ್ಲ. ಈ ಮಾತು ನನ್ನ ತಲೆಯಲ್ಲಿ ನಾಟಿತು. ಆ ಕಲ್ಲಿಗೆ ಸಮನಾದದ್ದನ್ನು, ಅದನ್ನು ಮೀರಿದ್ದನ್ನು ಕೊಟ್ಟು ಚುಕ್ತಾ ಮಾಡಿದರೆ ನನ್ನ ಮನೆಯಲ್ಲಿ ಅವನ ಹಕ್ಕು ಮುಗಿಯಿತು. ಆಮೇಲೆ ಆ ಕಲ್ಲು ಬರೀ ಕಲ್ಲು. ಆದರೆ ಕಣ್ಣು ಮೂಗಿಲ್ಲದ ಕಲ್ಲಿಗೆ ಧೋತರ ಹೇಗೆ ಸಮನಾದೀತು? ಅವನು ಹೆಸರಿಲ್ಲದ್ದನ್ನು ಮಾಡಿ ಕಳಿಸಿದ್ದಾನೆ. ನಾನೂ ಹೆಸರಿಲ್ಲದ್ದನ್ನು ನೇಯ್ದು ಅವನ ಹೆಗಲ ಮೇಲೆ ಹಾಕುತ್ತೇನೆ, ಅವನಿಗೊಂದು ಶಾಲು. ಅವನ ಕಲ್ಲು ಬಿಳಿ, ನನ್ನ ಶಾಲು ಕಪ್ಪು. ಮುಂಬಯಿಯಲ್ಲಿ ಹೊದ್ದುಕೊಂಡು ತಿರುಗಲಿ, ಬನಹಟ್ಟಿಯಲ್ಲೂ ಕೈಗಳಿವೆ ಎಂದು ಗೊತ್ತಾಗಲಿ.

ಮಗ್ಗದ ಮೇಲೆ ಆಗ ಸೀರೆಗೆಂದು ಏರಿಸಿದ ಕಪ್ಪು ಹಾಸು ಇತ್ತು. ಸಾಹುಕಾರನ ಕೆಲಸ ಮುಗಿದ ಮೇಲೂ ಹಾಸಿನ ಕೊನೆ ಉಳಿದಿತ್ತು. ಅದರಲ್ಲೇ ಶಾಲು ನೇಯಲು ಹಿಡಿದೆ. ಅಂಚಿನ ಬಣ್ಣದ ಎಳೆಗಳನ್ನು ಕಿತ್ತು ಅಲ್ಲಿಯೂ ಕಪ್ಪನ್ನೇ ಸೇರಿಸಿದೆ. ಅಡ್ಡ ಎಳೆಗೆ ಮೊದಲು ಕೆಂಪು ನೂಲಿನಿಂದ ಸುರು ಮಾಡಿ, ನಡುನಡುವೆ ಒಂದೊಂದು ಎಳೆ ಕಪ್ಪು ಬಿಟ್ಟು, ಮುಂದೆ ಹೋದಂತೆ ಕಪ್ಪನ್ನು ಹೆಚ್ಚು ಮಾಡಿ ಕೆಂಪನ್ನು ಕಡಿಮೆ ಮಾಡಿದೆ. ಕೆಂಪು ಇಲ್ಲಿ ಮುಗಿಯಿತು ಎಂದು ಯಾರೂ ಬೆರಳಿಟ್ಟು ತೋರಿಸಬಾರದು, ಅಷ್ಟು ನಿಧಾನ. ತಪ್ಪಿದರೆ ಬಿಚ್ಚಿ ಮತ್ತೆ ನೇಯ್ದೆ. ಸಾಹುಕಾರನ ಸೀರೆಗೂ ನಾನು ಅಷ್ಟು ಜೀವ ತೇದಿರಲಿಲ್ಲ. ತಲೆ ಎತ್ತಿ ಕಲ್ಲನ್ನು ನೋಡುತ್ತಿದ್ದೆ, ನೋಡು ಮಗನೇ ಅನ್ನುತ್ತಿದ್ದೆ, ಮತ್ತೆ ನೇಯುತ್ತಿದ್ದೆ. ಮಧ್ಯಾಹ್ನದ ಆ ದುಂಡು ಬೆಳಕು ಬಟ್ಟೆಯ ಮೇಲೆ ಬಿದ್ದಾಗ ಕೆಂಪು ಎದ್ದು ಉರಿಯುತ್ತಿತ್ತು. ಖರೆ ಹೇಳುತ್ತೇನೆ, ಬಣ್ಣ ಸರಿಬಂತೋ ಇಲ್ಲವೋ ಎಂದು ನಾನು ಆ ಬೆಳಕಿನಲ್ಲೇ ಪರೀಕ್ಷೆ ಮಾಡುತ್ತಿದ್ದೆ.

"ಅಂಚಿಲ್ಲ, ಸೆರಗಿಲ್ಲ, ಇದೇನ ನೇಯಾಕತ್ತೀಲೇ?" ಅಂದಳು ಅವ್ವ.

"ಐತಿ ಒಂದು ಕೆಲಸ. ಸುಮ್ನಿರು ಬೇ."

ಹೆಂಡತಿ ಏನೂ ಕೇಳಲಿಲ್ಲ. ರಾಟಿಯಲ್ಲಿ ಕೆಂಪು ಕಪ್ಪು ಕಂಡಿಕೆಗಳನ್ನು ಸುತ್ತಿ ಕೊಡುತ್ತಿದ್ದಳು, ಬಟ್ಟೆ ಬೆಳೆಯುವುದನ್ನು ನೋಡುತ್ತಿದ್ದಳು. ನಾನೂ ಹೇಳಲಿಲ್ಲ. ಆಯೇರ ಕೂಗುವಾಗ ಎಲ್ಲರ ಎದುರಿಗೆ ಅವಳಿಗೂ ತಿಳಿಯಲಿ, ಆಗ ಅವಳ ಮುಖ ಹೇಗಾಗುತ್ತದೆ ನೋಡಬೇಕು ಎಂಬ ಆಸೆ ನನಗೆ.

ಅದೇ ದಿನಗಳಲ್ಲಿ ಅವಳು ಗೆಲುವಾದಳು. ರೊಟ್ಟಿ ಬಡಿಯುವಾಗ ಹಾಡು ಗುನುಗತೊಡಗಿದಳು. ಒಂದು ದಿನ ಹಬ್ಬವಲ್ಲ ಹುಣ್ಣಿಮೆಯಲ್ಲ, ಹೋಳಿಗೆ ಮಾಡಿ ನನ್ನ ತಾಟಿಗೆ ತುಪ್ಪ ಸುರಿದಳು. ಜಮಖಂಡಿಯ ದಿನ ಹತ್ತಿರ ಬಂದಂತೆ ಮುಖದ ಕಳೆಯೇ ಬೇರೆಯಾಯಿತು. ಯಾಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮಾಮಾ ಬರುತ್ತಾನಲ್ಲ! ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟೆ. ಎದ್ದು ಕೈ ತೊಳೆದೆ.

ಹಾಸಿನ ಮೇಲೆ ಹಚ್ಚಿದ ಗುರುತು ಬಂತು. ಕತ್ತರಿಸಿ ಬಟ್ಟೆ ಇಳಿಸಿದೆ. ಮಡಿಕೆ ಹಾಕುವುದು ನಮ್ಮಲ್ಲಿ ಹೆಣ್ಣುಮಕ್ಕಳ ಕೆಲಸ, ಹೆಂಡತಿಯೇ ಹಾಕಿದಳು. ಚಾಪೆ ಹಾಸಿ ಬಟ್ಟೆ ಹರವಿ, ಅಂಗೈಯಿಂದ ತೀಡಿ ತೀಡಿ ಮಡಿಚಿದಳು. ಕಲ್ಲು ಒರೆಸುವಾಗಿನ ಅದೇ ಸಾವಕಾಶ. ಈ ಸಲ ನನ್ನ ಬಟ್ಟೆಯ ಮೇಲೆ ಆ ಕೈ ಆಡಿದ್ದಕ್ಕೆ ನನಗೆ ಒಂದು ನಮೂನೆ ಹಿಗ್ಗಾಯಿತು. ಆದರೆ ಆ ಹಿಗ್ಗು ನಿಲ್ಲಲಿಲ್ಲ, ಬಟ್ಟೆ ಅವನಿಗೆ ಹೋಗುವುದು ಎಂದು ನೆನಪಾಯಿತು.

ಹೊರಡುವ ದಿನ ಬೆಳಿಗ್ಗೆ ಅವಳು ಮಿಂದು ಬಂದು ಬಾಗಿಲಲ್ಲಿ ನಿಂತಳು. "ಇವತ್ತ ಯಾವ ಸೀರಿ ಉಡ್ಲಿ ರೀ?" ಅಂದಳು. ಕಣ್ಣಲ್ಲಿ ನಗೆ ಇತ್ತು.

ಅವನಿಗೆ ಚಂದ ಕಾಣಲು ನನ್ನನ್ನೇ ಕೇಳುತ್ತಾಳೆ ಎಂದು ನನಗೆ ತಲೆ ಕೆಟ್ಟಿತು. "ಯಾವುದರೇ ಉಡು. ನಿನ್ನ ತವರಿಗೆ ಹೊಂಟೀ, ನನ್ನೇನ ಕೇಳ್ತಿ?" ಅಂದೆ.

ಅವಳು ಒಳಗೆ ಹೋದಳು. ಉಟ್ಟುಕೊಂಡು ಬಂದದ್ದು ಎಂದಿನ ಹಸಿರು ಸೀರೆ. ನೇಯುವಾಗ ಎಳೆ ತಪ್ಪಿ ಅಡ್ಡ ಗೆರೆ ಬಿದ್ದದ್ದೆಂದು ಸಾಹುಕಾರ ತಿರುಗಿ ಕೊಟ್ಟದ್ದು ಅದು. ನೇಕಾರರ ಮನೆಯ ಹೆಂಗಸರೆಲ್ಲ ಅಂಥವನ್ನೇ ಉಡುವುದು. ಒಳ್ಳೆಯದು ಪೇಟೆಗೆ, ಡಾಗಿನದು ಮನೆಗೆ. ಇದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಕಪ್ಪು ಬಟ್ಟೆಯನ್ನು ನಾನೇ ಚೀಲದಲ್ಲಿ ಇಟ್ಟುಕೊಂಡೆ. ಅವ್ವ ಮನೆ ಕಾಯಲು ಉಳಿದಳು, ನಾವಿಬ್ಬರೇ ಬಸ್ಸು ಹತ್ತಿದೆವು.

ಜಮಖಂಡಿಯ ಮನೆಯಲ್ಲಿ ಹಂದರದ ತುಂಬ ಬಳಗ. ಊಟದ ಪಂಕ್ತಿಯಲ್ಲಿ ಅವನು ಬೇಕೆಂದೇ ನನ್ನ ಪಕ್ಕಕ್ಕೆ ಬಂದು ಕೂತ. ಅವನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕಲ್ಲಿನ ಬಿಳಿ ಪುಡಿ, ಹೆಬ್ಬೆರಳ ಬುಡದಲ್ಲಿ ದಡ್ಡು. ನನ್ನ ಕೈಯಲ್ಲಿಯೂ ಲಾಳಿ ಎಸೆದು ದಡ್ಡು ಬಿದ್ದಿತ್ತು. ಆ ಕೈ ನನಗಿಂತ ಚೆನ್ನಾಗಿದ್ದಿದ್ದರೆ ಸಿಟ್ಟಾಗಲು ಅನುಕೂಲವಾಗುತ್ತಿತ್ತು.

"ಅಣ್ಣಾ, ಒಂದು ಕೇಳ್ಲೇನು? ಆ ಕಲ್ಲು ಏನದು?" ಅಂದೆ.

"ನಿನಗೇನ ಕಾಣತೈತಿ?" ಅಂದ ಅವನು.

ಪಂಕ್ತಿಯಲ್ಲಿ ನನ್ನ ಆಚೆ ಮಾವನ ಬಳಗದವರು, ಈಚೆ ಇವನು, ಎದುರಿಗೆ ಬಡಿಸಲು ಬಂದ ನನ್ನ ಹೆಂಡತಿ. ಏನು ಹೇಳಲಿ? "ಏನೂ ಇಲ್ಲ," ಅಂದೆ.

"ಹಂಗಾದ್ರ ಏನೂ ಇಲ್ಲ ಬಿಡು," ಎಂದು ನಕ್ಕು ಅನ್ನಕ್ಕೆ ಸಾರು ಕಲಸಿದ. ಇಷ್ಟು ವರ್ಷದ ಉರಿಗೆ ಇದು ಉತ್ತರವೇ?

ಊಟವಾದ ಮೇಲೆ ಆಯೇರ. ಮಾವ, ಅತ್ತೆ, ಮಗ ಮಣೆಯ ಮೇಲೆ ಕೂತರು. ಕೂಗುವವನು ಬಳಗದ ಒಬ್ಬ ಮುದುಕ, ಅವನೂ ನೇಕಾರನೇ. ಬಂದ ಅರಿವೆಯನ್ನು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇಂಥವರಿಂದ ಇಂಥವರಿಗೆ ಎಂದು ಕೂಗುವುದು ಪದ್ಧತಿ. ನನ್ನ ಸರದಿ ಬಂತು. ತೆಂಗಿನಕಾಯಿ ಎಲೆ ಅಡಿಕೆಯ ಜೊತೆ ಬಟ್ಟೆ ಕೊಟ್ಟು, "ಅಣ್ಣಗ," ಅಂದೆ. ಹೆಂಗಸರ ಗುಂಪಿನಲ್ಲಿ ಹೆಂಡತಿಯನ್ನು ಹುಡುಕಿದೆ. ಅವಳು ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕಾಯುತ್ತಿದ್ದ ಮುಖ ಅದಾಗಿರಲಿಲ್ಲ. ದೀಪ ಸಣ್ಣದು ಮಾಡಿದಂತೆ ಆ ಕಳೆ ಇಳಿದುಹೋಯಿತು.

"ಬನಹಟ್ಟಿ ಅಳ್ಯಾಂದು ಆಯೇರ! ಮಗಗ ಒಂದು..." ಎಂದು ಕೂಗಿದ ಮುದುಕ ಅಲ್ಲಿಗೇ ನಿಂತ. ಒಂದು ಮಡಿಕೆ ಬಿಚ್ಚಿದ, ಇನ್ನೊಂದು ಬಿಚ್ಚಿದ, ಮತ್ತೊಂದು. ಬಟ್ಟೆ ಮುಗಿಯಲೊಲ್ಲದು. ಬಟ್ಟೆಯ ಉದ್ದಕ್ಕೂ ಮೊಳ ಹಾಕುತ್ತ ಹೋದ. "ಏ ತಮ್ಮಾ, ಇದು ಸೀರಿ ಐತಲೋ!" ಅಂದ.

ಹಂದರವೆಲ್ಲ ಘೊಳ್ಳೆಂದಿತು. "ಮುಂಬೈದಾಗ ಗಂಡಸರು ಸೀರಿ ಉಡ್ತಾರೇನಪಾ?" ಎಂದು ಯಾರೋ ಕೂಗಿದರು.

ಆಗ ನನಗೆ ಹೊಳೆಯಿತು. ಹಾಸು ಮಾಡುವವರು ಪ್ರತಿ ಸೀರೆಯ ಅಳತೆಗೆ ಒಂದೊಂದು ಗುರುತು ಹಚ್ಚಿರುತ್ತಾರೆ. ಗುರುತು ಬಂದಲ್ಲಿ ನೇಕಾರ ಕತ್ತರಿಸುತ್ತಾನೆ, ಯೋಚನೆ ಮಾಡುವುದಿಲ್ಲ. ಶಾಲಿನ ಅಳತೆ ಬಂದು ಎಂದೋ ದಾಟಿತ್ತು. ನನ್ನ ತಲೆಯಲ್ಲಿ ಕೆಂಪು ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ, ಕೈ ಮಾತ್ರ ತನ್ನ ರೂಢಿಯಂತೆ ಸೀರೆಯ ಗುರುತಿನವರೆಗೆ ನೇಯುತ್ತ ಹೋಗಿತ್ತು. ಅಂಚು ಸೆರಗು ಇಲ್ಲದ್ದರಿಂದ ಮಗ್ಗದ ಮೇಲೆ ನನಗದು ಸೀರೆಯಂತೆ ಕಾಣಲೂ ಇಲ್ಲ. ನೆಲ ಬಿರಿದರೆ ಇಳಿದುಬಿಡುತ್ತಿದ್ದೆ.

ಅವನೊಬ್ಬ ನಗಲಿಲ್ಲ. ಮುದುಕನ ಕೈಯಿಂದ ಬಟ್ಟೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಕೆಂಪಿನ ಕಡೆಯಿಂದ ಬೆರಳು ಆಡಿಸುತ್ತ ಕಪ್ಪಿನವರೆಗೆ ಹೋದ, ತಿರುಗಿ ಬಂದ. "ಕೆಂಪು ಎಲ್ಲಿ ಹೋತು ತಮ್ಮಾ? ಹುಡುಕಿದ್ರೂ ಸಿಗವಲ್ದು," ಅಂದ. ಮತ್ತೆ, "ಇದು ಏನಂತ ನೇಯ್ದಿ?" ಅಂದ.

"ಏನೂ ಅಲ್ಲ," ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಆ ಬಟ್ಟೆಯನ್ನು ಹೇಗೆ ನೋಡಬೇಕೋ ಹಾಗೆ ನೋಡಿದವನು ಇಡೀ ಹಂದರದಲ್ಲಿ ಅವನೊಬ್ಬನೇ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಗಂಡಸಿಗೆ ಸೀರೆ ಆಯೇರ ನಡೆಯುವುದಿಲ್ಲ. ಆಯೇರ ತಿರಸ್ಕರಿಸಲೂ ಬರುವುದಿಲ್ಲ. ಅವನು ತಾಯಿಯ ಕಿವಿಯಲ್ಲಿ ಏನೋ ಹೇಳಿ, ಹೆಂಗಸರ ಕಡೆ ತಿರುಗಿ, "ಬಾ ಬೇ ಇಲ್ಲಿ," ಎಂದು ನನ್ನ ಹೆಂಡತಿಯನ್ನು ಕರೆದ. "ಮನಿ ಮಗಳು ಹೊಸ ಮನಿಗಿ ಬಂದಾಳ, ಉಡಿ ತುಂಬದ ಕಳಸ್ತೀವೇನು?" ಅಂದ. ಅತ್ತೆ ಎದ್ದು ಅಕ್ಕಿ, ಕೊಬ್ಬರಿ, ಎಲೆ ಅಡಿಕೆಯ ಜೊತೆ ಆ ಕಪ್ಪು ಸೀರೆಯನ್ನು ನನ್ನ ಹೆಂಡತಿಯ ಉಡಿಯಲ್ಲಿ ಇಟ್ಟು, ಹಣೆಗೆ ಕುಂಕುಮ ಹಚ್ಚಿದಳು. ಮುದುಕ ಮತ್ತೆ ಕೂಗಿದ, "ತವರಮನಿಯಿಂದ ಮಗಳಿಗಿ ಸೀರಿ!"

ನಾನು ನೋಡುತ್ತ ನಿಂತೆ. ಚುಕ್ತಾ ಮಾಡಲು ಹೋದವನು ನನ್ನ ಜನ್ಮದ ಅತ್ಯುತ್ತಮ ನೇಯ್ಗೆಯನ್ನು ಅವನ ಕೈಗೆ ಕೊಟ್ಟು, ಅವನ ಹೆಸರಿನಲ್ಲಿ ನನ್ನ ಹೆಂಡತಿಗೆ ಕೊಡಿಸಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಮಡಿಕಿ ಹಾಕಿದಾಕಿ ನೀನು. ಸೀರಿ ಅಳತಿ ಐತಿ ಅಂತ ನಿನಗ ಗೊತ್ತಾಗ್ಲಿಲ್ಲೇನು?"

"ಗೊತ್ತಾತು."

"ಮತ್ತ ಬಾಯಿ ಬಿಡಲಿಲ್ಲ? ಎಲ್ಲಾರ ಮುಂದ ನನ್ನ ನಗೆಗೀಡ ಮಾಡಬೇಕಂತ ಇತ್ತೇನು?"

ಅವಳು ತಿರುಗಲಿಲ್ಲ. "ನನಗಂತ ನೇಯಾಕತ್ತೀರಿ ಅನ್ಕೊಂಡಿದ್ದೆ," ಅಂದಳು.

ಬಸ್ಸು ಎಲ್ಲಿಯೋ ನಿಂತು ಯಾರನ್ನೋ ಇಳಿಸಿತು. ಹಾಡು, ಹೋಳಿಗೆ, ಬಾಗಿಲಲ್ಲಿ ನಿಂತು ಯಾವ ಸೀರೆ ಉಡಲಿ ಎಂದು ಕೇಳಿದ್ದು, ಎಲ್ಲ ಒಂದೊಂದಾಗಿ ನನ್ನ ಎದುರಿಗೆ ಬಂದು ಕೂತವು.

"ಈಗ ನಿನಗೇ ಬಂತಲ್ಲ," ಅಂದೆ.

"ಬಂತ್ರಿ. ಮಾಮಾ ಕೊಟ್ಟ." ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡು ಅವಳೇ ಅಂದಳು, "ನನ್ನ ಸಲುವಾಗಿ ಯಾರರೇ ಕೂತು ಮಾಡಿದ್ದು ಅಂದ್ರ ಆ ಕಲ್ಲೊಂದು ಇತ್ತು. ಅದಕ್ಕ ಒರಸತಿದ್ದೆ. ನೀವು ಕೇಳಿದ್ರಲ್ಲಾ, ದಿನಾ ಯಾಕ ಒರಸ್ತಿ ಅಂತ."

"ಇದನ್ನ ನೇಯ್ದಾವ ನಾನು!" ಎಂದು ಜೋರಾಗಿಯೇ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಹೌದ್ರಿ. ಯಾರಿಗಂತ ನೇಯ್ದ್ರಿ?" ಅಂದಳು.

ಬನಹಟ್ಟಿಯಲ್ಲಿ ಬಸ್ಸು ನಿಂತಾಗ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಇಳಿದೆ.

ಆಮೇಲೆ ಅವಳಿಗೆಂದು ಬೇಕಾದಷ್ಟು ನೇಯ್ದಿದ್ದೇನೆ. ಲಾಳಿ ಹಿಡಿಯುವ ಮೊದಲೇ, "ಇದು ನಿನಗ," ಎಂದು ಓಣಿಗೆ ಕೇಳುವಂತೆ ಹೇಳಿಯೇ ಸುರು ಮಾಡುತ್ತಿದ್ದೆ. ಅವಳು ಹೂಂ ಅಂದು ಕಂಡಿಕೆ ಸುತ್ತುತ್ತಿದ್ದಳು. ಎಲ್ಲವನ್ನೂ ಉಟ್ಟಿದ್ದಾಳೆ, ಹೊಲಕ್ಕೆ, ಬಾವಿಗೆ, ಸಂತೆಗೆ ಉಟ್ಟು ಹರಿದಿದ್ದಾಳೆ. ಆ ಕಪ್ಪು ಸೀರೆಯನ್ನು ಮಾತ್ರ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ದೊಡ್ಡ ಮದುವೆ ಇದ್ದರೆ ಹೊರಗೆ ಬರುತ್ತದೆ. ಹೆಂಗಸರು ಸುತ್ತ ನೆರೆದು, ಕೆಂಪು ಎಲ್ಲಿ ಹೋಯಿತು ಎಂದು ಹುಡುಕಿ, ಯಾರು ಕೊಟ್ಟರು ಎಂದು ಕೇಳುತ್ತಾರೆ. ಅವಳು ಸುಳ್ಳು ಹೇಳುವವಳಲ್ಲ. ನಾನು ಪಕ್ಕದಲ್ಲಿ ನಿಂತಿದ್ದರೂ, "ತವರಮನ್ಯಾಗ ಕೊಟ್ಟದ್ದು," ಅನ್ನುತ್ತಾಳೆ.